ಮೂವತ್ತನಾಲ್ಕು ಹಲ್ಲು

"ಮೂವತ್ತಮೂರು, ಮೂವತ್ತನಾಲ್ಕು."

ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹಾಕುವ ಫ್ರೀವೀಲಿನಲ್ಲಿ ಸೀಮೆಸುಣ್ಣದ ಗುರುತು ಹಾಕಿದ್ದ ಹಲ್ಲು ಮತ್ತೆ ಬೆರಳಿನಡಿಗೆ ಬಂದಾಗ ಅತ್ತಿಗೆ ಎಣಿಕೆ ನಿಲ್ಲಿಸಿದಳು. ಸೈಕಲ್ ರಿಪೇರಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದರೂ ಎಣಿಸದೆ ಯಾವ ಹಲ್ಲನ್ನೂ ನಂಬುವವಳಲ್ಲ. ಮೈದುನ ಕಿಸಿಯುತ್ತಿದ್ದ ಮೂವತ್ತೆರಡನ್ನಂತೂ ಎಣಿಸಿಯೂ ನಂಬಿರಲಿಲ್ಲ.

"ಇದೇನತ್ತಿಗೆ, ಫ್ರೀವೀಲೋ ಊಟದ ತಟ್ಟೆಯೋ?" ಮೈದುನ ಬಾಗಿಲಲ್ಲೇ ನಿಂತು ಗಾಳಿಯಲ್ಲಿ ಪುಟುಪುಟು ಪೆಡಲ್ ತುಳಿದು ತೋರಿಸಿದ. "ಗುಡ್ಡ ಹತ್ತೋಕೆ ಹೊರಟಿದ್ದೀರೋ, ಬಟ್ಟೆ ಹೊಲಿಯೋಕೋ? ನನ್ನ ರೇಸ್ ಸೈಕಲ್ ನೋಡಿ. ಮುಂದೆ ಐವತ್ತಮೂರು ಹಲ್ಲು, ಹಿಂದೆ ಎಲ್ಲಕ್ಕಿಂತ ದೊಡ್ಡದೇ ಇಪ್ಪತ್ತಮೂರು. ಗಂಡಸಿನ ಗೇರು!"

"ಒಂದು ಸಲ ತುಳಿದ್ರೆ ಚಕ್ರ ಎರಡು ಸುತ್ತಿಗಿಂತ ಜಾಸ್ತಿ ತಿರುಗಬೇಕು. ಸಪಾಟು ರಸ್ತೇಲಿ ಸರಿ. ಏರಲ್ಲಿ ಅದನ್ನ ತಿರುಗಿಸೋದು ಬಾಯಲ್ಲ ಕಣಪ್ಪ, ಮಂಡಿ."

ಗುಡ್ಡದ ಮೇಲಿನ ಹಾಸ್ಟೆಲ್‌ಗೆ ದಿನಾ ಬ್ರೆಡ್ ಒಯ್ಯುವ ಕೆಲಸಕ್ಕೆ ಬೇಕರಿ ಯಜಮಾನ ಪರೀಕ್ಷೆ ಇಟ್ಟಿದ್ದ: ಬುಟ್ಟಿ ಹೊತ್ತು, ನೆಲಕ್ಕೆ ಕಾಲೂರದೆ ಮೇಲೆ ಮುಟ್ಟಬೇಕು. ವಾರಕ್ಕೆ ಮೂರು ಪಂಕ್ಚರ್ ಬಂದರೆ ಹೆಚ್ಚು ಎನ್ನುವಂತಿದ್ದ ಅಂಗಡಿಯವಳಿಗೆ ಆ ಕೆಲಸ ಬೇಕಿತ್ತು. ಮೈದುನನಿಗೆ ಬೇಕಿದ್ದದ್ದು, ಅದು ಅವಳಿಗೆ ಸಿಗದಿರುವುದು.

ಪರೀಕ್ಷೆಯ ದಿನ ಇಬ್ಬರೂ ಸೈಕಲ್ಲಿಗೆ ಬುಟ್ಟಿ ಕಟ್ಟಿ ಹೊರಟರು; ಯಜಮಾನ ಸ್ಕೂಟರಿನಲ್ಲಿ ಹಿಂದೆ ಬಂದ. ಮೊದಲ ತಿರುವಿನವರೆಗೆ ಮೈದುನ ಬಾಣ. ಎರಡನೆಯದರಲ್ಲಿ ಸೀಟು ಬಿಟ್ಟೆದ್ದು, ಹೋರಿ ಉಚ್ಚೆ ಹೊಯ್ದ ಹಾಗೆ ರಸ್ತೆಯುದ್ದಕ್ಕೂ ಡೊಂಕು ಗೆರೆ ಎಳೆದ. ಮೂರನೆಯದರಲ್ಲಿ ಬಲಗಾಲು ನೆಲಕ್ಕೆ ಬಂತು. ಮುಂದೆ ಮೂವತ್ತೆರಡೇ ಹಲ್ಲಿದ್ದು, ಒಂದು ತುಳಿತಕ್ಕೆ ಚಕ್ರ ಒಂದು ಸುತ್ತೂ ತಿರುಗದ ತನ್ನ ಭಾರದ ಸೈಕಲ್ಲಿನಲ್ಲಿ ಅತ್ತಿಗೆ ಪುಟುಪುಟು ಎಂದು ಪಕ್ಕದಲ್ಲಿ ಹಾದಳು.

"ಚೈನು... ಸಿಕ್ಕಾಕೊಂಡ್ತು ಅತ್ತಿಗೆ."

"ಹೌದಾ? ಮುಖ ನೋಡಿದ್ರೆ ಉಸಿರು ಸಿಕ್ಕಾಕೊಂಡ ಹಾಗಿದೆ."

ಹಾಸ್ಟೆಲ್ ಗೇಟಿನಲ್ಲಿ ಯಜಮಾನ ಅವಳನ್ನು ನೋಡಲಿಲ್ಲ. ಸೈಕಲ್ಲಿನ ಸೀಟು ತಟ್ಟಿದ.

"ಭೇಷ್! ಎಂಥ ಗಾಡಿ! ಹೆಂಗಸಿಗೇ ಇಷ್ಟು ಸಲೀಸಾಗಿ ಹತ್ತಿದ್ರೆ, ನಿನ್ನ ಮೈದುನನ ಕೈಗೆ ಕೊಟ್ರೆ ಹಾರತ್ತೆ ಕಣಮ್ಮ. ನಾಳೆಯಿಂದ ಅವನು ಬರ್ಲಿ. ಸೈಕಲ್ ನೀನು ಕೊಡು."

ಅಷ್ಟರಲ್ಲಿ ಮೈದುನ ತಳ್ಳಿಕೊಂಡು ಬಂದು ಮುಟ್ಟಿದ. ಮಾತು ಕೇಳಿ ಹಲ್ಲು ಬಿಟ್ಟ. ಅತ್ತಿಗೆ ಇಬ್ಬರನ್ನೂ, ಬಾಗಿದ ರಿಮ್ಮು ನೋಡುವ ಹಾಗೆ, ಒಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಆಗ್ಲಿ. ಬೆಳಿಗ್ಗೆ ಬಂದು ತಗೊಂಡ್ಹೋಗು."

ಸಂಜೆ ಅಂಗಡಿಯಲ್ಲಿ ಅವಳು ಹಿಂದಿನ ಚಕ್ರ ಬಿಚ್ಚಿದಳು. ದೊಡ್ಡ ಫ್ರೀವೀಲ್ ಕಳಚಿ, ಹಳೆಯ ಡಬ್ಬಿಯಿಂದ ಚಿಕ್ಕದೊಂದನ್ನು ತೆಗೆದು, ಸೀಮೆಸುಣ್ಣದ ಗುರುತು ಹಾಕಿ ಎಣಿಸಿದಳು. ಹದಿನಾರಕ್ಕೇ ಗುರುತು ತಿರುಗಿ ಬಂತು. ಅದನ್ನು ಕೂರಿಸಿ, ಹೆಚ್ಚಾದ ಚೈನು ತುಂಡರಿಸಿದಳು. ಈಗ ಒಂದು ತುಳಿತಕ್ಕೆ ಚಕ್ರ ಎರಡು ಸುತ್ತು.

ಬೆಳಿಗ್ಗೆ ಮೈದುನ ಸಿಳ್ಳೆ ಹಾಕುತ್ತ ಬಂದ. ಬುಟ್ಟಿ ಕಟ್ಟಿದ, ಕನ್ನಡಿಯಲ್ಲಿ ತಲೆ ಬಾಚಿದ. ಹಿಂದಿನ ಚಕ್ರದ ಕಡೆ ಬಗ್ಗಿಯೂ ನೋಡಲಿಲ್ಲ.

"ಹೇಗೆ ಹತ್ತಬೇಕು, ಏನಾದ್ರೂ ಹೇಳೋದಿದ್ಯಾ ಅತ್ತಿಗೆ?"

"ನಿನಗೆ ನಾನೇನು ಹೇಳಲಿ? ಗಂಡಸಿನ ಗೇರೇ ಹಾಕಿದ್ದೀನಿ."

ಅವನು ನಗುತ್ತ ರಸ್ತೆಗಿಳಿದ. ಅತ್ತಿಗೆ ಒಳಗೆ ಬಂದು ಗೋಡೆಯ ಮೊಳೆಗೆ ತೂಗುಹಾಕಿದ್ದ ದೊಡ್ಡ ಫ್ರೀವೀಲನ್ನು ಬೆರಳಿನಿಂದ ತಿರುವಿದಳು. ಟಿಕ್ ಟಿಕ್ ಎನ್ನುತ್ತ ಸುತ್ತಿ ಸುತ್ತಿ, ಸುಣ್ಣದ ಗುರುತಿನ ಹಲ್ಲು ನಿಧಾನವಾಗಿ ಮೇಲೆ ಬಂದು ನಿಂತಿತು.