ಕಾಲುವೆಯ ಮೆಟ್ಟಿಲು

ಪಲ್ಲವಿ ಹೊಸಪೇಟೆ ಡಿಪೋದಲ್ಲಿ ಬಸ್ ಕಂಡಕ್ಟರ್. ರಜೆಯ ದಿನಗಳಲ್ಲಿ, ಒಮ್ಮೊಮ್ಮೆ ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ಬಸ್ಸು ಸಿಕ್ಕಿಕೊಂಡಾಗಲೂ, ಮೊಬೈಲಿನಲ್ಲಿ ಬರೆಯುತ್ತ ಬಂದ ಕಾದಂಬರಿ ಕಡೆಗೂ ಮುಗಿದಿತ್ತು. ಮುಗಿಸಿದ ಸಂತೋಷ ಒಂದು ವಾರ ಉಳಿಯಿತು. ಆಮೇಲೆ ತಿದ್ದುವುದು ಹೇಗೆಂಬ ಚಿಂತೆ ಹತ್ತಿಕೊಂಡಿತು.

ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಗೆಳತಿ ಹೇಮಾ ಓದಿ, "ಕೊನಿ ಅಧ್ಯಾಯ ಮುಟ್ಟಬ್ಯಾಡ. ಆಕಿ ಕಾಲುವಿಗೆ ಹಾರೋದು ಭಾಳ ಚಲೋ ಬಂದೈತಿ. ನಡುವಿಂದು ಉದ್ದ ಆಗೈತಿ, ಅಲ್ಲಿ ಕತ್ತರಿ ಹಾಕು, ಸಾಕು," ಎಂದಳು.

ಕತ್ತರಿ ಹಾಕಲು ಕೂತರೆ ಪಲ್ಲವಿಗೆ ಕೈಯೇ ಓಡಲಿಲ್ಲ. ಗಂಡನ ಹೊಡೆತ ತಾಳದ ಆ ನಾಯಕಿಯನ್ನು ಅವಳು ಬರೆದದ್ದು ತನ್ನ ಚಿಕ್ಕಮ್ಮ ಭೀಮವ್ವನನ್ನು ಮನಸ್ಸಿನಲ್ಲಿಟ್ಟುಕೊಂಡು. ಚಿಕ್ಕಮ್ಮ ಕಮಲಾಪುರದ ಗಂಡನ ಮನೆ ಬಿಟ್ಟು ಬಂದು, ಈಗ ಕಂಪ್ಲಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಕಾದಂಬರಿಗೆ ತೂಕ ಬರಲೆಂದು ಸಾವನ್ನು ಪಲ್ಲವಿಯೇ ಸೇರಿಸಿದ್ದಳು. ಚಿಕ್ಕಮ್ಮನಿಗೆ ಒಮ್ಮೆ ಓದಿ ಹೇಳದೆ ಮುಂದುವರಿಯುವುದು ಸರಿಯಲ್ಲವೆನಿಸಿ, ರಜೆಯ ದಿನ ಕಂಪ್ಲಿ ಬಸ್ಸು ಹತ್ತಿದಳು.

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಚಿಕ್ಕಮ್ಮ ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತ ಕೂತಳು. ಪಲ್ಲವಿ ಕೊನೆಯ ಅಧ್ಯಾಯ ಓದಿದಳು. ಓದುತ್ತಿದ್ದಂತೆ ಚಿಕ್ಕಮ್ಮನ ಕೈ ನಿಂತಿತು.

"ನನ್ನ ಯಾಕ ಸಾಯಿಸಿದಿ?"

"ನೀನಲ್ಲ ಚಿಕ್ಕಮ್ಮ. ಅದು ಕತಿಯಾಗಿನ ಹೆಂಗಸು."

"ಗಂಡ ನನ್ನ ಗಂಡ, ಮನಿ ನನ್ನ ಮನಿ. ಸಾವು ಮಾತ್ರ ಆಕಿದಾ?" ಎಂದವಳು ದನಿ ತಗ್ಗಿಸಿ ಕೇಳಿದಳು, "ನಾ ಕಾಲುವಿಗೆ ಹೋಗಿದ್ದು ನಿನಗ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಪಲ್ಲವಿ ಮೊಬೈಲು ಕೆಳಗಿಟ್ಟಳು.

"ಹಾರಬೇಕಂತನ ಹೋಗಿದ್ದೆ," ಎಂದಳು ಚಿಕ್ಕಮ್ಮ. "ಮೆಟ್ಟಿಲ ಮ್ಯಾಲ ಒಬ್ಬಾಕಿ ಬಟ್ಟಿ ಒಗೀತಿದ್ಲು. ನನ್ನ ಮಾರಿ ಸೈತ ನೋಡ್ಲಿಲ್ಲ. 'ಈ ತುದಿ ಹಿಡಿಯವ್ವಾ, ದುಪ್ಪಟಿ ಹಿಂಡೂಣು' ಅಂದ್ಲು. ಹಿಡಿದೆ. ಅದಾದ ಮ್ಯಾಲ ಇನ್ನೊಂದು. ಬುಟ್ಟಿ ತುಂಬ ಇದ್ದುವು. ಹಿಂಡಿ ಹಿಂಡಿ ಹೊಟ್ಟಿ ಹಸೀತು. ಆಕಿ ರೊಟ್ಟಿ ಗಂಟು ಬಿಚ್ಚಿದ್ಲು, ಕೂಡೆ ಉಂಡ್ವಿ. ಉಂಡ ಮ್ಯಾಲ ಯಾಕ ಬಂದಿದ್ದೆ ಅನ್ನೋದು ನೆನಪಾತು. ನಾಚ್ಕಿ ಬಂತು."

"ಆಮ್ಯಾಲ?"

"ಆಮ್ಯಾಲೇನು, ಬುಟ್ಟಿ ಹೊತ್ಕೊಂಡು ಆಕಿ ಹಿಂದ ಹೋದೆ. ಉಚ್ಚೆಂಗಮ್ಮ ಅಂತ ಹೆಸರು. ಆಕಿ ಮನ್ಯಾಗನ ಇದ್ದೆ. ಈ ಊರಿಗೆ ಬಂದಿದ್ದು ಆಕಿ ಅಕ್ಕನ ಹೋಟ್ಲಿಗೆ ರೊಟ್ಟಿ ಬಡಿಯಾಕ."

ಪಲ್ಲವಿ ಮೊಬೈಲು ಮತ್ತೆ ಕೈಗೆತ್ತಿಕೊಂಡಳು. "ಇದನ್ನ ಬರೀಲೇನು?"

ಚಿಕ್ಕಮ್ಮ ಶೇಂಗಾ ಮೊರಕ್ಕೆ ಸುರಿದು ಕೇರತೊಡಗಿದಳು. "ಬರಿ. ಆದ್ರ ಉಚ್ಚೆಂಗಮ್ಮನ್ನ ದೇವತಿ ಮಾಡಬ್ಯಾಡ. ಭಾಳ ಬಾಯಿ ಆಕಿದು. ಬೈದು ಬೈದು ನನ್ನ ಬದುಕಿಸಿದ್ಲು."

ಸಂಜೆಯ ಬಸ್ಸಿನಲ್ಲಿ, ಬುಕ್ಕಸಾಗರ ದಾಟುವಷ್ಟರಲ್ಲಿ ಪಲ್ಲವಿಗೆ ದಾರಿ ಕಂಡಿತ್ತು. ಕಾಲುವೆ ಕೊನೆಯಲ್ಲಿ ಬರಬಾರದು, ನಡುವೆ ಬರಬೇಕು. ಅದಕ್ಕೆ ಮೊದಲಿನ ಹೊಡೆತ ಬಡಿತದ ಪುಟಗಳು ಅರ್ಧಕ್ಕರ್ಧ ಹೋದರೂ ನಷ್ಟವಿಲ್ಲ. ಆಚೆಗಿನದೆಲ್ಲ ಇನ್ನೂ ಬರೆಯಬೇಕಾದದ್ದು. ಕಮಲಾಪುರದಲ್ಲಿ ಹಂಪಿ ನೋಡಿ ಬಂದವರು ನೂಕಾಡಿ ಹತ್ತುತ್ತಿದ್ದ ಗದ್ದಲದಲ್ಲೇ ಹೇಮಾಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಅಂದ್ರ ಅರ್ಧ ಕಾದಂಬರಿ ಹೊಸದಾಗಿ ಬರೀಬೇಕಲ್ಲಲೇ," ಎಂದಳು ಹೇಮಾ.

"ಹೌದು."

"ಆ ಸಾವು ಚಲೋ ಇತ್ತು."

"ಇತ್ತು. ಆದ್ರ ನಾ ಓದಿದ್ದ ಪುಸ್ತಕಗಳಾಗಿಂದ ಬಂದಿತ್ತು ಅದು."

ಬಸ್ಸು ಕಮಲಾಪುರ ಬಿಟ್ಟಿತು.

"ಅಲ್ಲಾ, ಆ ಉಚ್ಚೆಂಗಮ್ಮ ಏನಂತ ಬೈತಿದ್ಲು?" ಎಂದು ಹೇಮಾ ಕೇಳಿದಳು.

ಪಲ್ಲವಿಗೂ ಗೊತ್ತಿರಲಿಲ್ಲ. ಮುಂದಿನ ರಜೆಗೆ ಮತ್ತೆ ಕಂಪ್ಲಿಗೆ ಹೋಗಬೇಕು ಎಂದುಕೊಂಡು ಫೋನ್ ಮುಗಿಸಿ, ಮೊದಲ ಬೈಗುಳವನ್ನು ತಾನೇ ಊಹಿಸಿ ಬರೆಯಲು ಶುರುಮಾಡಿದಳು.