ವಾಮದೇವಪ್ಪನ ಪಿಸ್ತೂಲು

ದಾವಣಗೆರೆಯಲ್ಲಿ ಬಸ್ಸು ಹತ್ತುವಾಗಲೇ ಗೋಣೆಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಹರಿಹರದಲ್ಲಿ ಇಳಿಯುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತ್ತು. ಇಪ್ಪತ್ತೆರಡು ವರ್ಷದಿಂದ ಬಂದೂಕು ರಿಪೇರಿ ಮಾಡಿಕೊಂಡು ಬಂದವನು. ಸರ್ಕಾರ ಕೊಟ್ಟ ಲೈಸೆನ್ಸಿಗೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದವನು. ಅಂಥವನಿಗೆ ಹರಿಹರದ ಭತ್ತದ ವ್ಯಾಪಾರಿ ವಾಮದೇವಪ್ಪ ಆಳಿನ ಬಾಯಲ್ಲಿ ಹೇಳಿಕಳಿಸಿದ್ದ: “ಕಳ್ಳ, ನನ್ನ ಪಿಸ್ತೂಲಿನ ವಿಲಾಯತಿ ಸ್ಪ್ರಿಂಗು ಕದ್ದು ಯಾವುದೋ ಗುಜರಿ ಸ್ಪ್ರಿಂಗು ಹಾಕ್ಯಾನೆ. ಇವತ್ತೇ ಬಂದು ಸರಿ ಮಾಡಲಿಲ್ಲ ಅಂದ್ರೆ ಠಾಣೆಗೆ ಹೋಗಿ ಲೈಸೆನ್ಸು ಕಿತ್ತು ಹಾಕಿಸ್ತೀನಿ.”

ಕಳ್ಳನಂತೆ! ಲೈಸೆನ್ಸು ಹೋದರೆ ಅನ್ನ ಹೋಗುತ್ತದೆ, ಸರಿ. ಆದರೆ ಊರ ತುಂಬ ಈ ಹೆಸರು ಹೊತ್ತು ತಿರುಗುವುದು ಹೇಗೆ? ದಾರಿಯುದ್ದಕ್ಕೂ ಅವನು ಹಲ್ಲು ಕಡಿಯುತ್ತ ಬಂದ.

ವಾಮದೇವಪ್ಪ ಪಡಸಾಲೆಯಲ್ಲಿ ಕುಳಿತಿದ್ದ. ‘ಬಾ’ ಅನ್ನಲಿಲ್ಲ, ‘ಕೂಡು’ ಅನ್ನಲಿಲ್ಲ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟ ಪಿಸ್ತೂಲನ್ನು ಜಮಖಾನದ ಮೇಲೆ ಎಸೆದ.

“ಹೋದ ತಿಂಗಳು ಸರಿ ಮಾಡೀನಿ ಅಂದಿ. ಮೊನ್ನೆ ಕುದುರೆ ಎಳೆದ್ರೆ ಟಕ್ ಅಂತು ಅಷ್ಟೆ. ಗುಂಡು ಹಾರಲಿಲ್ಲ.”

“ಯಾವುದಕ್ಕೆ ಹೊಡೆದ್ರಿ, ಸಾವ್ಕಾರ್ರೆ?”

“ನಾಯಿಗೆ. ನಿನಗ್ಯಾಕ ಬೇಕು ಅದು? ನಾನು ಸ್ನಾನ, ಪೂಜೆ ಮುಗಿಸೋದ್ರೊಳಗೆ ಸರಿಯಾಗಿರಬೇಕು.”

ಅವನು ಒಳಗೆ ಹೋದ ಮೇಲೆ ಗೋಣೆಪ್ಪ ಚೀಲ ಬಿಚ್ಚಿದ. ಗುಂಡು ತುಂಬುವ ಡಬ್ಬಿ ಕಳಚಿ, ನಳಿಗೆಯಲ್ಲಿ ಏನೂ ಉಳಿದಿಲ್ಲವೆಂದು ಎರಡೆರಡು ಸಲ ನೋಡಿಕೊಂಡ. ಸ್ಪ್ರಿಂಗು ಮೊದಲಿನದೇ, ಕೂದಲೆಳೆಯಷ್ಟೂ ಸೊರಗಿಲ್ಲ. ಮೇಲಿನ ಭಾಗ ಬಿಚ್ಚಿ, ಗುಂಡಿನ ಬೆನ್ನಿಗೆ ಬಡಿಯುವ ಪಿನ್ನಿನ ತೂತಿಗೆ ತಂತಿ ತೂರಿಸಿದ. ಬೆಳ್ಳಗೆ ಮೇಣದಂಥದ್ದು ಹೊರಬಂತು. ಮೂಸಿ ನೋಡಿದ. ಹರಳೆಣ್ಣೆಯಲ್ಲಿ ಕಲಸಿದ ವಿಭೂತಿ! ಅದರೊಳಗೆ ಪಿನ್ನು ಹೂತುಹೋಗಿತ್ತು.

ಹೋದ ತಿಂಗಳೂ ಇದೇ ಸಿಕ್ಕಿತ್ತು. ಆಯುಧಪೂಜೆಯ ದಿನ ತಕ್ಕಡಿಯಿಂದ ಹಿಡಿದು ಬಂದೂಕಿನ ತನಕ ಎಲ್ಲಕ್ಕೂ ವಿಭೂತಿ ಬಳಿಯುವ ಜನ, ಒಳಗೆ ಸೇರಿರಬೇಕು ಎಂದುಕೊಂಡು ತೊಳೆದು ಕೊಟ್ಟಿದ್ದ. ಆದರೆ ಆಯುಧಪೂಜೆ ಮುಗಿದು ಐದು ತಿಂಗಳಾಯಿತು. ಈ ಎಣ್ಣೆ ಇನ್ನೂ ಹಸಿ.

ಅಷ್ಟರಲ್ಲಿ ವಾಮದೇವಪ್ಪನ ಹೆಂಡತಿ ಸರ್ವಮಂಗಳಮ್ಮ ಮಜ್ಜಿಗೆ ತಂದಳು. ಗೋಣೆಪ್ಪ ಅವಳ ಮೇಲೇ ಹರಿಹಾಯ್ದ.

“ಅಮ್ಮಾರೆ, ಪೂಜೆ ಮಾಡೋರು ಮ್ಯಾಲೆ ಹಚ್ಚಬೇಕ್ರಿ, ಹೊಟ್ಟಿಯೊಳಗೆ ತುಂಬೋದಲ್ಲ! ನಿಮ್ಮ ಭಕ್ತಿಯಿಂದ ನಾನು ಕಳ್ಳ ಅನ್ನಿಸ್ಕೊಂಡೆ. ಸಾವ್ಕಾರ್ರು ಬರಲಿ, ತೋರಿಸೇ ಬಿಡ್ತೀನಿ.”

ಅವಳು ಲೋಟ ಕೆಳಗಿಟ್ಟಳು. ಬಚ್ಚಲ ಕಡೆ ತಿರುಗಿ ನೋಡಿ, ದನಿ ತಗ್ಗಿಸಿದಳು.

“ಭಕ್ತಿ ಅಲ್ಲಣ್ಣ. ಕಡರನಾಯಕನಹಳ್ಳಿ ತವರಿನ ಹೊಲ ಬರಕೊಡಲಿಲ್ಲ ಅಂತ ಮೊನ್ನೆ ಇಲ್ಲಿಟ್ಟು ಎಳೆದ್ರು.” ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. “ವಿಭೂತಿ ಆದ್ರೆ, ಸಿಕ್ಕಿಬಿದ್ರೂ ಪೂಜೆ ಮಾಡಿದ್ದೆ ಅನ್ನಬಹುದಲ್ಲ. ಅದಕ್ಕೆ ನಾನೇ ತುಂಬಿದ್ದೆ.”

ಗೋಣೆಪ್ಪ ಕೈಯಲ್ಲಿದ್ದ ತಂತಿ ಕೆಳಗಿಟ್ಟ. ಹೋದ ತಿಂಗಳು ಅದನ್ನು ತಿಕ್ಕಿ ತೊಳೆದು, ಕೆಲಸ ಚೊಕ್ಕವಾಯಿತೆಂದು ಬೀಗಿದವನು ತಾನೇ. ಈ ತಾಯಿ ಮತ್ತೆ ತುಂಬದೆ ಹೋಗಿದ್ದರೆ? ಅಷ್ಟು ಹೊತ್ತಿನ ಸಿಟ್ಟು ಏನೇನೂ ಅಲ್ಲ ಎನ್ನುವಂಥ ಸಿಟ್ಟು ಈಗ ಬಂತು. ಒಳಗೆ ಹೋಗಿ ಆ ಮನುಷ್ಯನ ಕುತ್ತಿಗೆ ಹಿಸುಕಬೇಕೆನಿಸಿತು. ಹಿಸುಕಲಿಲ್ಲ. “ಒಳಗೆ ಹೋಗ್ರಿ ತಾಯಿ,” ಎಂದ. ವಿಭೂತಿಯನ್ನೆಲ್ಲ ಒರೆಸಿ ಆ ಬಟ್ಟೆಯನ್ನು ಚೀಲದ ತಳಕ್ಕೆ ತುರುಕಿದ. ಸ್ಪ್ರಿಂಗು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ.

ವಾಮದೇವಪ್ಪ ಪೂಜೆ ಮುಗಿಸಿ ಬಂದ. “ಸರಿ ಆಯ್ತೇನೋ?”

“ಇಲ್ಲ. ಸ್ಪ್ರಿಂಗು ನಾನೇ ಕದ್ದೀನಿ. ಏನ್ ಮಾಡ್ಕೊಂತೀರಿ?”

ಕಪಾಳಕ್ಕೆ ಏಟು ಬಿತ್ತು. ಗೋಣೆಪ್ಪ ಕದಲಲಿಲ್ಲ.

“ಹೊಡಿಯೋದು ಯಾರಿಗಾದ್ರೂ ಬರ್ತೈತೆ. ಠಾಣೆಗೆ ಹೋಗ್ತೀನಿ ಅಂದಿದ್ರಲ್ಲ, ಆ ಗಂಡಸ್ತನ ಇದ್ರೆ ನಡೀರಿ. ಪಿಸ್ತೂಲು ತಗೊಂಡೇ ನಡೀರಿ, ಬರೀ ಬಾಯಿಮಾತು ಯಾರೂ ನಂಬಲ್ಲ.”

ವಾಮದೇವಪ್ಪ ಅವನ ಕೊರಳಪಟ್ಟಿ ಹಿಡಿದು ಬೀದಿಯುದ್ದಕ್ಕೂ ಎಳೆದುಕೊಂಡು ಹೋದ. ಅಂಗಡಿಯವರೆಲ್ಲ ಎದ್ದುನಿಂತು ನೋಡಿದರು. ಠಾಣೆಯಲ್ಲಿ ಜೇಬು ತಡಕಿದಾಗ ಸ್ಪ್ರಿಂಗು ಸಿಕ್ಕಿತು. ಇನ್ಸ್‌ಪೆಕ್ಟರು ಸ್ಪ್ರಿಂಗನ್ನೂ ಪಿಸ್ತೂಲನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿಸಿ, ಅರಗಿನ ಮುದ್ರೆ ಒತ್ತಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.

“ನನ್ನ ಪಿಸ್ತೂಲು ಕೊಡ್ರಿ,” ಎಂದ ವಾಮದೇವಪ್ಪ.

“ಅದು ಸಾಕ್ಷಿ ಕಣ್ರಿ. ಕೇಸು ಮುಗಿಯೋತನಕ ಕೊಡೋಕಾಗಲ್ಲ.”

ವಾಮದೇವಪ್ಪನ ಮುಖ ಕಪ್ಪಿಟ್ಟಿತು. ಗೋಣೆಪ್ಪ ಅವನನ್ನೇ ದುರುಗುಟ್ಟಿ ನೋಡುತ್ತ ಕೇಳಿದ: “ಕೇಸು ಎಷ್ಟು ವರ್ಷ ನಡೀತೈತ್ರಿ, ಸ್ವಾಮಿ?”

“ನಾಲ್ಕಾಗಬಹುದು, ಐದಾಗಬಹುದು. ನಿನ್ನ ಲೈಸೆನ್ಸು ಇವತ್ತೇ ಹೋಯ್ತಲ್ಲಯ್ಯ, ಮೊದಲು ಅದನ್ನ ಯೋಚನೆ ಮಾಡು.”

“ನನ್ನ ಕಡೆಯಿಂದ ಅವಸರ ಇಲ್ಲ,” ಎಂದ ಗೋಣೆಪ್ಪ. “ನಿಧಾನಕ್ಕೆ ನಡೆಸ್ರಿ.”