ಎಡಗಡೆ ಪೆಟ್ಟಿಗೆಯ ಟಕ್

ಬೈಕ್ ರಿಪೇರಿಯವನಿಗೆ ಗಿಳಿ ಎಂಬ ಹೆಸರು ಬಿದ್ದದ್ದು ಮೂಗಿನಿಂದಲ್ಲ, ನಾಲಿಗೆಯಿಂದ. ಗಂಟಲಲ್ಲೇ ಇಂಜಿನ್ ಸ್ಟಾರ್ಟ್ ಮಾಡಿ, ಗೇರ್ ಬದಲಿಸಿ, ಕಿರ್ರೆಂದು ಬ್ರೇಕೂ ಹಾಕಿಬಿಡುತ್ತಿದ್ದ. ಕೆಲಸಕ್ಕೆ ಕೂತರಂತೂ ಕೈಗಿಂತ ಬಾಯಿಯೇ ಮುಂದು. ಸ್ಪ್ಯಾನರ್ ತಿರುಗುವ ಮೊದಲೇ ಕರಕರ, ಬೋಲ್ಟ್ ಬೀಳುವ ಮೊದಲೇ ಠಣ್.

ಆ ಬೆಳಿಗ್ಗೆ ಅಂಗಡಿಯೊಳಗೆ ನಿಂತಿದ್ದದ್ದು ಅವನ ಭಾವನ ದೊಡ್ಡ ಬೈಕು. ಅಕ್ಕ, ಭಾವ ಬೆಟ್ಟ ದಾಟಿ ದೂರ ಹೊರಟಿದ್ದರು. ಹಿಂದಿನ ಚಕ್ರದ ಇಕ್ಕೆಲಕ್ಕೂ ಕಬ್ಬಿಣದ ಚೌಕಟ್ಟು ಬಿಗಿದಾಗಿತ್ತು. ಇನ್ನು ಸಾಮಾನಿನ ಪೆಟ್ಟಿಗೆ ಕೂರಿಸುವುದಷ್ಟೇ. ಕೆಳಗಿನ ಕೊಕ್ಕೆಗೆ ಸಿಕ್ಕಿಸಿ ಮೇಲೊತ್ತಿದರೆ ಚಿಲಕ ಟಕ್ ಎನ್ನುತ್ತದೆ. ಬೇಕಾದಾಗ ಕಳಚಿ, ಕೈಯಲ್ಲಿ ಹಿಡಿದು ಹೋಗಬಹುದು. ಬೇಡದಾಗ ತಾನೇ ಕಳಚಿದರೆ, ಚಕ್ರ ಅಲ್ಲೇ ಒಂದು ಗೇಣಿನಾಚೆ ತಿರುಗುತ್ತಿರುತ್ತದೆ.

ಗಿಳಿ ಬಲಗಡೆಯದನ್ನು ಒತ್ತಿದ. ಟಕ್. ಎರಡೂ ಕೈಯಲ್ಲಿ ಜಗ್ಗಿ ನೋಡಿದ. ಜಗ್ಗಿ ನೋಡದೆ ಅವನು ಯಾವ ಗಾಡಿಯನ್ನೂ ಬಿಟ್ಟವನಲ್ಲ.

ಅಕ್ಕ ತನ್ನ ಫೋನನ್ನು ಎಡಗಡೆ ಪೆಟ್ಟಿಗೆಯೊಳಗಿಟ್ಟು ಮುಚ್ಚಿದಳು. "ಜೇಬಲ್ಲಿದ್ರೆ ದಾರೀಲಿ ಬಿದ್ದೋಗತ್ತೆ. ಇಲ್ಲೇ ಭದ್ರ."

ಭಾವನಿಗೆ ತಾಳ್ಮೆಯ ಅಭಾವ. "ಇದನ್ನ ನಾನೇ ಹಾಕ್ತೀನಿ, ಆಚೆ ಸರಿಯೋ," ಎಂದು ಆ ಪೆಟ್ಟಿಗೆಯನ್ನೆತ್ತಿ ಸಿಕ್ಕಿಸಿ ಒತ್ತಿದ. ಬೈಕಿನ ಈಚೆ ಕೂತು ಕೈ ಒರೆಸಿಕೊಳ್ಳುತ್ತಿದ್ದ ಗಿಳಿ ಭಾವನ ದನಿಯಲ್ಲೇ, "ಇದನ್ನ ನಾನೇ ಹಾಕ್ತೀನಿ, ಟಕ್!" ಎಂದ.

ಅಕ್ಕ ಬಿದ್ದು ಬಿದ್ದು ನಕ್ಕಳು. "ಲೋ, ಮೊದ್ಲು ನಿನ್ನ ಬಾಯಿಗೊಂದು ಚಿಲಕ ಹಾಕಿಸ್ಕೋ!"

"ಒಂದ್ನಿಮಿಷ ತಡೀರಿ ಭಾವ, ಜಗ್ಗಿ ನೋಡ್ಬಿಡ್ತೀನಿ..."

"ಟಕ್ ಅಂತಲ್ಲೋ, ಕೇಳಿಸ್ಲಿಲ್ವಾ? ಬಿಸಿಲೇರೋದ್ರೊಳಗೆ ಬೆಟ್ಟ ಹತ್ಬೇಕು."

ಹೌದು, ಕೇಳಿಸಿತ್ತು. ಗಿಳಿಗೂ ಕೇಳಿಸಿತ್ತು. ಅಕ್ಕ ಹಿಂದೆ ಹತ್ತಿ ಕೂತು ಕೈ ಬೀಸಿದಳು.

ಅವರು ಹೋದ ಮೇಲೆ ಅವನು ಹಾಡು ಗುನುಗುತ್ತ ಸಾಮಾನು ಜೋಡಿಸಿದ. ನಾಲಿಗೆ ತನ್ನ ಪಾಡಿಗೆ ತಾನು ಟಕ್ ಟಕ್ ಎನ್ನುತ್ತಿತ್ತು. ಗೋಡೆಯಾಚೆಯಿಂದ ವೆಲ್ಡಿಂಗ್‌ನವನು ಕೂಗಿದ: "ಏನೋ ಗಿಳಿ, ಅವರಾಗ್ಲೇ ಹೋದ್ರಲ್ಲ! ಮತ್ತೆ ಯಾರ ಗಾಡಿಗೋ ಪೆಟ್ಟಿಗೆ ಹಾಕ್ತಿದೀಯ?"

"ಪೆಟ್ಟಿಗೇನೂ ಇಲ್ಲ ಯಜಮಾನ್ರೇ, ನನ್ನ ಬಾಯಿ ಅದು," ಎಂದು ನಕ್ಕ.

ನಗು ಅರ್ಧಕ್ಕೇ ನಿಂತಿತು. ಎಡಗಡೆ ಟಕ್ ಎಂದದ್ದು ಒಂದೇ ಸಲ.

ಭಾವನ ಫೋನ್ ಸ್ವಿಚ್ ಆಫ್. ಅಕ್ಕನದು ರಿಂಗಾಯಿತು, ಆಗುತ್ತಲೇ ಇತ್ತು. ಅದು ಎಲ್ಲಿದೆಯೆಂದು ನೆನಪಾದದ್ದು ಅವನು ತನ್ನ ಗಾಡಿಗೆ ಕಿಕ್ ಹೊಡೆಯುವಾಗ.

ಬೆಟ್ಟದ ರಸ್ತೆಯಲ್ಲಿ ತಿರುವಿಗೊಮ್ಮೆ ಗಾಡಿ ಆಫ್ ಮಾಡಿ ಅಕ್ಕನ ನಂಬರ್ ಒತ್ತಿದ. ಪೆಟ್ಟಿಗೆ ಬಿದ್ದಿದ್ದರೆ ಕೂಗಲೇಬೇಕು. ಏರುವಷ್ಟು ದೂರವೂ ಎಲ್ಲೂ ಕೂಗಲಿಲ್ಲ. ಎದೆ ಸ್ವಲ್ಪ ಹಗುರಾಯಿತು. ಆಚೆ ಬದಿ ಇಳಿಯತೊಡಗಿದ ಮೇಲೆ, ಚರಂಡಿಯೊಳಗಿಂದ ಅಕ್ಕನ ಫೋನಿನ ಟ್ಯೂನು ಕೇಳಿತು. ಅವನೇ ಹಾಕಿಕೊಟ್ಟಿದ್ದು, ಅವನದೇ ಗಂಟಲಿನ ಕೋಗಿಲೆ.

ಪೆಟ್ಟಿಗೆ ಮಗ್ಗುಲಾಗಿ ಬಿದ್ದಿತ್ತು. ಒಂದು ಮೂಲೆಯನ್ನು ಚಕ್ರ ತಿಂದುಹಾಕಿತ್ತು. ಅಲ್ಲಿಂದ ಟೈರಿನ ಕಪ್ಪು ಗೆರೆ ಸೊಟ್ಟಸೊಟ್ಟಗೆ ಹೋಗಿ ತಿರುವಿನಾಚೆ ಮರೆಯಾಗಿತ್ತು.

ಅವನು ತಿರುವಿನ ಈಚೆಗೇ ನಿಂತ. ಕೋಗಿಲೆ ಕೂಗಿ ಕೂಗಿ ಸುಮ್ಮನಾಯಿತು. ಆಗ ಕೆಳಗೆಲ್ಲೋ ಡುಗುಡುಗು ಎಂದಿತು. ಭಾವನ ಬೈಕಿನದೇ ಸದ್ದು, ಏರು ಹತ್ತುವ ಹಾಗೆ, ಹತ್ತಿರವಾಗುವ ಹಾಗೆ.

ಗಿಳಿ ಎರಡೂ ಕೈಯಿಂದ ತನ್ನ ಬಾಯಿಯನ್ನು ಒತ್ತಿ ಹಿಡಿದುಕೊಂಡ. ಆಮೇಲೆ ಕಿವಿಗೊಟ್ಟ.